ಜೊತೆಗಿದ್ದವರ ಕಾಲಂ

ಅಪ್ಪನಿಗೆ,

ಕೂತಲ್ಲಿ ಕೂರಲಾಗುತ್ತಿಲ್ಲ. ಸೋಮವಾರದೊಳಗೆ ನಿಮ್ಮ ಉತ್ತರ ಬೇಕು. ಫೋನಿನಲ್ಲಿ ಕೇಳುವ ಧೈರ್ಯ ನನಗಿಲ್ಲ.

ಆಸ್ಪತ್ರೆಯ ಹಳೇ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇವೆ. ಹಳೆಯ ಯಾವ ಕಾಲಂ ಹೊಸದರಲ್ಲಿ ಎಲ್ಲಿಗೆ ಹೋಗಬೇಕೆಂದು ಗುರುತಿಸುವುದು ನನ್ನ ಕೆಲಸ. ಇದಕ್ಕೆ ಇಲ್ಲಿ ಮ್ಯಾಪಿಂಗ್ ಎನ್ನುತ್ತಾರೆ. ಗಣಿತದ ಕ್ಲಾಸಿನಲ್ಲಿ ನೀವು ಎರಡು ಮೊಟ್ಟೆಯಾಕಾರ ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯುತ್ತ, "ಎಡಗಡೆ ಇರೋರು ಯಾರೂ ಬಾಣ ಇಲ್ದೆ ಉಳೀಬಾರ್ದು ಕಣ್ರೋ" ಎನ್ನುತ್ತಿದ್ದಿರಲ್ಲ, ಅದೇ.

ಒಂದೇ ಒಂದು ಕಾಲಂ ಉಳಿದಿದೆ: 'ರೋಗಿಯ ಜೊತೆಗಿದ್ದವರು'. ಹೊಸದರಲ್ಲಿ ಅದಕ್ಕೆ ಜಾಗವಿಲ್ಲ. "ಯಾರಿಗ್ ಬೇಕಮ್ಮ ಅದು, ಸೋಮವಾರ ತೆಗೆದುಹಾಕು" ಎಂದರು ಸೂಪರ್‌ವೈಸರ್. ತೆಗೆಯುವ ಮುಂಚೆ, ಅಮ್ಮ ಇಲ್ಲೇ ದಾಖಲಾಗಿದ್ದಾಗಿನ ಪುಟ ಹುಡುಕಿದೆ. ದಿನಕ್ಕೊಂದರಂತೆ ಮೂವತ್ತೊಂದು ಸಾಲು, ಅಷ್ಟರಲ್ಲೂ 'ಗಂಡ'. 'ಮಗಳು' ಎಂದು ಒಂದು ಕಡೆಯೂ ಇಲ್ಲ. ನೀವು ಯಾವತ್ತೂ ಆ ಮಾತೆತ್ತಲಿಲ್ಲ.

ಈ ಕಾಲಂ ಅಳಿಸಿದರೆ ನನಗೇ ಅನುಕೂಲ, ಅಪ್ಪ. ಅದಕ್ಕೇ ಕೈ ಬರುತ್ತಿಲ್ಲ. ಬಾಣ ಎಲ್ಲಿಗೆ ಎಳೆಯಲಿ, ನೀವೇ ಹೇಳಿ.

ಬೆನ್ನುನೋವಿಗೆ ಎಣ್ಣೆ ಕಳಿಸಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಬಂದ ನೋವದು ಎಂದು ಈಗ ಗೊತ್ತಾಯಿತು.

ಇಂತಿ,
ಮಗಳು