ಕೋಲಿನ ತುದಿಯ ಟೋಪಿ

ಅಂಬುಜಾ,

ಇವತ್ತು ಊರಿನಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಪಂದ್ಯದಲ್ಲಿ ನಮ್ಮ ಮೊಮ್ಮಗಳು ಇಳಾ ಒಬ್ಬಳೇ ಮೂರು ಗೋಲು ಹೊಡೆದಳು ಕಣೇ! ಕಾಲೇಜಿನ ಇಂಗ್ಲಿಷು ನೆನಪಾಗಿ, ಶಾಭಾಸ್ ಎನ್ನುವಂತೆ “ಹಿಯರ್, ಹಿಯರ್!” ಎಂದು ಕೂಗಿಬಿಟ್ಟೆ, ಸರಿಯೋ ತಪ್ಪೋ, ಅದಿರಲಿ. ಮೂರನೆಯದು ಬಿದ್ದೊಡನೆ, ಇಲ್ಲಿಯ ಪದ್ಧತಿಯಂತೆ, ಎಲ್ಲರೂ ಟೋಪಿ ಕಳಚಿ ಅಂಗಳಕ್ಕೆ ಎಸೆದರು. ನಾನು ಮಾತ್ರ ನನ್ನದನ್ನು ಬಿಗಿಯಾಗಿ ಹಿಡಿದುಕೊಂಡೆ. ಎಸೆದದ್ದು ಮರಳಿ ಬರುವುದಿಲ್ಲ.

ಪಕ್ಕದ ಮನೆಯ ಡೋರೀನ್ ತಿವಿದಳು: “ಏನಪ್ಪಾ, ಮೊಮ್ಮಗಳಿಗಿಂತ ಟೋಪಿ ಹೆಚ್ಚಾಯ್ತಾ? ಎಸಿ!”

“ನನ್ನ ಹೆಂಡ್ತಿ ಕೊನೇದಾಗಿ ಹೆಣೆದಿದ್ದು ಇದು.”

“ಹಂಗಾದ್ರೆ ಅವಳ ಲೆಕ್ಕದಲ್ಲೂ ಒಂದು ಬೀಳ್ಲಿ ಬಿಡು!”

ನೀನು ಹೆಣೆದದ್ದನ್ನು ಎಸೆದೆ. ಇಳಾ ಅಷ್ಟೊಂದು ಟೋಪಿಗಳ ನಡುವೆ ಜಾರುತ್ತ ಬಂದು, ಅದೊಂದನ್ನೇ ಕೋಲಿನ ತುದಿಗೆ ಸಿಕ್ಕಿಸಿ, ಎತ್ತಿ ಹಿಡಿದು, ಅಂಗಳದ ಸುತ್ತ ಪೂರ್ತಿ ಒಂದು ಸುತ್ತು ಹಾಕಿದಳು. ಊರಿಗೆ ಊರೇ ಎದ್ದು ನಿಂತಿತ್ತು.