ಕಲ್ಕತ್ತಾದಿಂದ ಬರಬೇಕಿದ್ದ ಬ್ರೇಕು

ಸೋನಾರ್‌ಪುರ, ವಾರಾಣಸಿ
೧೯ ನವೆಂಬರ್ ೨೦೨೫

ಪ್ರೀತಿಯ ವಸು,

ನೀನು, ನಿಮ್ಮ ಮನೆಯವರು, ಮಗಳು ವಚನಾ ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ಅವ್ವ ಕ್ಷೇಮ. ನಾನೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಕಳಿಸಿದ ಪೆಟ್ಟಿಗೆ ದಸರೆಗೆ ಮೊದಲೇ ಬಂತು. ‘ತಲುಪಿತು’ ಅಂತ ಒಂದು ಮೆಸೇಜು ಹಾಕಿ ಸುಮ್ಮನಾಗಿಬಿಟ್ಟೆ, ನಿನ್ನ ಫೋನೂ ಎತ್ತಲಿಲ್ಲ. ನೀನು ಮುನಿಸಿಕೊಂಡಿದ್ದರೆ ನ್ಯಾಯವೇ. ಆದರೆ ಎತ್ತಿದ್ದರೆ ಕೂಗಾಡುತ್ತಿದ್ದೆ, ನೀನು ಸಮಾಧಾನ ಮಾಡುತ್ತಿದ್ದೆ, ಸಮಾಧಾನ ಮಾಡಿದ್ದಕ್ಕೆ ನಿನ್ನ ಮೇಲೂ ಹರಿಹಾಯುತ್ತಿದ್ದೆ. ಕಾಗದದಲ್ಲಾದರೆ ಕೈ ಸ್ವಲ್ಪ ತಡೆದು ನಡೆಯುತ್ತದೆ.

ನಿನಗೆ ಅರ್ಧ ಗೊತ್ತು. ಮೊದಲಿಂದ ಹೇಳುತ್ತೇನೆ.

ಈ ವರ್ಷ ಅಪ್ಪ ಹುಟ್ಟಿ ನೂರು ವರ್ಷ. ಮಠದ ಪಾಠಶಾಲೆಯಲ್ಲಿ ಅವರ ಹತ್ತಿರ ಸಂಸ್ಕೃತ ಕಲಿತವರು, ಇಲ್ಲಿನ ಕನ್ನಡದವರು ಎಲ್ಲ ಸೇರಿ ‘ಪಂಡಿತ ಮರುಳಸಿದ್ದಯ್ಯನವರ ಶತಮಾನೋತ್ಸವ’ ಅಂತ ಇಟ್ಟುಕೊಂಡರು. ಮುಂದಾಳು ನಮ್ಮ ತೋಂಟೇಶಣ್ಣ. ವಿಶ್ವನಾಥ ಗಲ್ಲಿಯ ತನ್ನ ಅಂಗಡಿಯನ್ನು ಆಳುಗಳಿಗೆ ಬಿಟ್ಟು ತಿಂಗಳಾನುಗಟ್ಟಲೆ ಅದರ ಹಿಂದೆ ಓಡಾಡಿದ. ಸಭಾಂಗಣದ ಪಕ್ಕದ ಕೋಣೆಯಲ್ಲಿ ಅಪ್ಪನ ವಸ್ತುಗಳನ್ನು ನೋಡಲು ಇಡುವುದು ಅಂತಾಯಿತು. ಕನ್ನಡಕ, ಬರೆಯುವ ಮಣೆ, ಛತ್ರಿ. ಆಮೇಲೆ ಅಟ್ಟದಿಂದ ಸೈಕಲ್ಲು ಇಳಿಸಿದ. ನನ್ನನ್ನು ಒಂದು ಮಾತು ಕೇಳಲಿಲ್ಲ.

ವಸು, ಅದು ಅವ್ವನ ಸೈಕಲ್ಲು. ಅವ್ವ ಇಲ್ಲಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, ಅಲ್ಲಿನ ಇಂಗ್ಲಿಷ್ ಡಾಕ್ಟರಮ್ಮ ತನ್ನ ದೇಶಕ್ಕೆ ಮರಳುವಾಗ ಅವ್ವನ ಕೈಗೆ ಕೊಟ್ಟು ಹೋದದ್ದು. ಮುಂದೆ ಅಡ್ಡ ಕೊಳವೆ ಇಲ್ಲ, ಸೀರೆ ಸಿಕ್ಕದ ಹಾಗೆ ಕೆಳಗೆ ಬಾಗಿದ ಎರಡು ಕೊಳವೆ. ಯಾರು ನೋಡಿದರೂ ಹೆಂಗಸರ ಸೈಕಲ್ಲು ಅನ್ನುತ್ತಾರೆ. ಅದನ್ನೇ ಅಣ್ಣನಿಗೆ ಹೇಳಿದೆ.

“ಅಪ್ಪ ಧೋತರ ಉಡತಿದ್ದನಲ್ಲ, ಧೋತರ ಉಟ್ಟವರಿಗೆ ಲೇಡೀಸ್ ಸೈಕಲ್ಲೇ ಅನುಕೂಲ” ಅಂದ.

“ಅಪ್ಪ ಅದರ ಮೇಲೆ ಕೂತಿದ್ದನ್ನ ನೀ ಒಮ್ಮೆಯಾದರೂ ನೋಡಿಯೇನು?”

“ನೋಡಾಕ ಬರೋ ಮಂದಿಗೆ ಅದೆಲ್ಲ ಯಾಕ ಬೇಕು?”

ಸುಳ್ಳಿಗೆ ಧೋತರ ಉಡಿಸಿ ನಿಲ್ಲಿಸಿದ ನೋಡು.

ಆಗಲೇ ಬ್ರೇಕಿಲ್ಲದ ಆ ಸೈಕಲ್ಲು ನಮ್ಮ ರಸ್ತೆಯ ಬದರೀನಾರಾಯಣನ ಅಂಗಡಿ ಸೇರಿತ್ತು. ನಾನು ಹೋದಾಗ ಅವನು ಹೊಳೆಯುವ ಹೊಸ ವೈರ್ ಬ್ರೇಕು ಸಿಕ್ಕಿಸಿ, ಮುಂದಿನ ಚಕ್ರ ಹಿಡಿದ ಕವಲಿಗೆ ತೂತು ಕೊರೆಯಲು ಡ್ರಿಲ್ ಹಿಡಿದು ಕೂತಿದ್ದ. ನಿಲ್ಲಿಸು ಅಂದೆ. ಬಾಯಲ್ಲಿ ಪಾನ್ ತುಂಬಿಕೊಂಡೇ, “ದೀದಿ, ಗಾಜಿನ ಹಿಂದೆ ನಿಲ್ಲೋ ಸೈಕಲ್ಲಿಗೆ ಯಾವ ಬ್ರೇಕಾದರೇನು? ತೋಂಟೇಶ್‌ಜಿ ಪಾಲಿಶ್ ಚೆನ್ನಾಗಿರಲಿ ಅಂದಿದ್ದಾರೆ ಅಷ್ಟೆ” ಅಂದ. ಆ ಬ್ರೇಕು ಆ ಚಕ್ರವನ್ನು ಹಿಡಿಯುವುದೂ ಇಲ್ಲ. ವೈರ್ ಬ್ರೇಕು ರಿಮ್ಮಿನ ಎರಡು ಪಕ್ಕ ಒತ್ತುತ್ತದೆ; ಈ ಹಳೆಯ ರಿಮ್ಮಿನ ಪಕ್ಕ ಗುಂಡಗೆ, ರಬ್ಬರು ಅಲ್ಲಿ ಜಾರುತ್ತದೆ. ಇದಕ್ಕೆ ರಾಡ್ ಬ್ರೇಕೇ ಬೇಕು. ಹ್ಯಾಂಡಲಿನಿಂದ ಸಲಾಕೆ ಇಳಿದು, ಕುದುರೆ ಸವಾರರು ಕಾಲಿಡುವ ರಿಕಾಪಿನಂಥ ಕಬ್ಬಿಣ ಮೇಲೆದ್ದು, ರಿಮ್ಮಿನ ಒಳಮೈಗೆ ರಬ್ಬರನ್ನು ಒತ್ತಬೇಕು. ಚಕ್ರ ತಿರುಗಿಸಿ ತೋರಿಸಿದೆ. ಬದರಿ ಎರಡು ಸಲ ಹಿಡಿದು ನೋಡಿ, ಜಾರಿದ್ದು ಕಂಡು, ಡ್ರಿಲ್ ಕೆಳಗಿಟ್ಟ. ತೂತು ಬೀಳುವ ಮೊದಲು ತಲುಪಿದೆನಲ್ಲ, ಅಷ್ಟೇ ಪುಣ್ಯ.

ಪೇಟೆಯಲ್ಲಿ ಈಗಲೂ ರಾಡ್ ಬ್ರೇಕು ಸಿಗುತ್ತದೆ. ಹಾಲಿನವರ ಸೈಕಲ್ಲಿಗೆ ಹಾಕುವಂಥದ್ದು, ದಪ್ಪ, ಒರಟು. ಬದರಿ ಅದನ್ನೇ ಹಾಕೋಣ ಅಂದ. ನನಗೆ ಹಟ. ತೋರಿಸಲೇಬೇಕು ಅಂದರೆ ಸರಿಯಾಗಿ ತೋರಿಸಲಿ, ಆ ಕಾಲದ ಚೌಕಟ್ಟಿಗೆ ಆ ಕಾಲದ್ದೇ ಬ್ರೇಕು ಬರಲಿ ಅಂತ. ಅದಕ್ಕೇ ಆಗಸ್ಟಿನಲ್ಲಿ ನಿನಗೆ ಫೋನು ಮಾಡಿ, ಮುಚ್ಚಿಹೋದ ನಿಮ್ಮ ಮಾವನವರ ಸೈಕಲ್ ಅಂಗಡಿಯ ಸಾಮಾನು ಜಾಲಾಡು ಅಂತ ಕಾಡಿದ್ದು. ಲೇಡೀಸ್ ಸೈಕಲ್ಲಿನ ಹಿಂದಿನ ಸಲಾಕೆಯ ಓಟವೇ ಬೇರೆ, ಗಂಡಸರ ಸೈಕಲ್ಲಿನದು ಕಳಿಸಬೇಡ ಅಂತ ಮತ್ತೆ ಮತ್ತೆ ಹೇಳಿ ತಲೆ ತಿಂದದ್ದು. ನೀನು ಬೇಸರಿಸದೆ ಹುಡುಕಿದೆ. ಆ ಋಣ ನನ್ನ ಮೇಲಿದೆ.

ಪೆಟ್ಟಿಗೆಯನ್ನು ಮನೆಯಲ್ಲಿ ಅವ್ವನ ಎದುರೇ ಬಿಚ್ಚಿದೆ. ಎಣ್ಣೆ ಕಾಗದದಲ್ಲಿ ಸುತ್ತಿದ ಸಲಾಕೆಗಳನ್ನು ಅವ್ವ ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಸವರಿದಳು. ಆಮೇಲೆ, ನೀರು ಬಂತೇನು ಅಂತ ಕೇಳುವ ದನಿಯಲ್ಲಿ, “ಕಲ್ಕತ್ತಾದಿಂದ ಬಂತೇನು? ಅಂತೂ ಬಂತಲ್ಲ ಬಿಡು” ಅಂದಳು.

“ಧಾರವಾಡದಿಂದ ಅವ್ವಾ. ವಸು ಕಳಿಸ್ಯಾಳ” ಅಂದೆ. ಅವ್ವ ನಕ್ಕಳು. ಎಂಬತ್ತಮೂರು ವರ್ಷ, ಊರು ಅದಲುಬದಲಾಗಿರಬೇಕು ಅಂತ ನಾನು ಸುಮ್ಮನಾದೆ.

ಭಾನುವಾರ ಬದರಿಯ ಅಂಗಡಿಯಲ್ಲಿ ಕೂತೆವು. ಹ್ಯಾಂಡಲ್ ಬಿಚ್ಚಿ, ಹಳೆಯ ತುಕ್ಕು ಉಜ್ಜಿ ನೋಡಿದರೆ ಬ್ರೇಕಿನ ಹಿಡಿಗಳಿಂದ ಬೆರಳುದ್ದದ ಎರಡು ಸಲಾಕೆ ತುಂಡು ಇನ್ನೂ ನೇತಾಡುತ್ತಿದ್ದವು. ಉಳಿದದ್ದು ತುಕ್ಕು ತಿಂದು ಉದುರಿಹೋಗಿದೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಉದುರಿದ ಕಬ್ಬಿಣದ ತುದಿ ಮೊಂಡಾಗಿ, ಹುಳುಕಾಗಿ ಇರುತ್ತದೆ. ಇವು ನೇರ ಕತ್ತರಿಸಿದ ತುದಿಗಳು. ಬೆರಳಾಡಿಸಿದರೆ ಗರಗಸದ ಗೆರೆ ತಾಗುತ್ತಿತ್ತು. ಬದರಿಗೆ ತೋರಿಸಿದೆ. “ಯಾರೋ ಕೊಯ್ದಿದ್ದಾರೆ” ಅಂದ, ಪಾನ್ ಉಗಿದು ಬಂದು ಇನ್ನೊಮ್ಮೆ ನೋಡಿದ. “ಕಳ್ಳ ಆಗಿದ್ದರೆ ಇಡೀ ಸೈಕಲ್ಲೇ ಒಯ್ಯುತ್ತಿದ್ದ.”

ನಿನ್ನ ಬ್ರೇಕು ಕೂತಿತು ವಸು. ಹಿಂದಿನ ಸಲಾಕೆ ತುಸು ಉದ್ದ ಇತ್ತು, ಉದ್ದ ಹೊಂದಿಸುವ ಕೊಳವೆಯಲ್ಲಿ ಸರಿಹೋಯಿತು. ರಬ್ಬರು ಕಲ್ಲಾಗಿದ್ದವು, ಅವನ್ನು ಮಾತ್ರ ಹೊಸವು ಹಾಕಿದೆವು. ಹಿಡಿ ಒತ್ತಿದರೆ ಚಕ್ರ ಸದ್ದಿಲ್ಲದೆ ನಿಲ್ಲುತ್ತದೆ. ಸಂತೋಷಪಡಬೇಕಿದ್ದ ಹೊತ್ತು. ಆ ಎರಡು ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದೆ.

ಸಮಾರಂಭದ ಹಿಂದಿನ ದಿನ ಸೈಕಲ್ಲು ಒಯ್ಯಲು ಅಣ್ಣ ಟೆಂಪೋ ತಂದ. ಅವ್ವ ಪಕ್ಕದ ಮನೆಗೆ ಹೋಗಿದ್ದಳು. ತುಂಡುಗಳನ್ನು ಅವನ ಅಂಗೈಯಲ್ಲಿಟ್ಟು, “ಇದನ್ನ ಕೊಯ್ದವರು ಯಾರು? ಕಲ್ಕತ್ತಾ ಅಂದ್ರೇನು?” ಅಂತ ಕೇಳಿದೆ. ಊಹೆಯಲ್ಲಿ ಎಸೆದ ಮಾತು. ಅಣ್ಣನ ಮುಖ ಕಂಡ ಕೂಡಲೇ ತಾಗಿತು ಅಂತ ಗೊತ್ತಾಯಿತು. ಟೆಂಪೋದವನಿಗೆ ಚಹಾ ಕುಡಿದು ಬಾ ಅಂತ ಕಳಿಸಿ, ಜಗಲಿಯ ಮೇಲೆ ಕೂತ.

“ನಾ ಆಗ ಸಾಲ್ಯಾಗ ಐದನೇತ್ತ. ಅವ್ವ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ್ಲು. ಅಪ್ಪ ಗರಗಸ ತಂದ. ಸೈಕಲ್ ಅಲ್ಲಾಡದಂಗ ಹಿಡ್ಕೊ ಅಂದ, ಹಿಡ್ಕೊಂಡೆ. ಕೊಯ್ದಿದ್ದನ್ನೆಲ್ಲ ಚೀಲದಾಗ ಹಾಕಿ ಗಂಗಿಗೆ ಒಗದು ಬಂದ್ವಿ.”

“ಯಾಕಂತ?”

“ಮಂದಿ ಆಡಿಕೊಳ್ತಿದ್ರು. ಪಂಡಿತರ ಹೆಂಡ್ತಿ ರಾತ್ರಿ ಸೈಕಲ್ ಹೊಡೀತಾಳ ಅಂತ. ಬ್ಯಾಡ ಅಂತ ಹೇಳಾಕ ಅಪ್ಪನಿಗೆ ಬಾಯಿ ಬರಲಿಲ್ಲ. ಅಂವ ಎಂದೂ ಯಾರಿಗೂ ಬ್ಯಾಡ ಅಂದವ ಅಲ್ಲ, ನಿನಗ ಗೊತ್ತಲ್ಲ. ಕಳ್ಳರು ಕಿತಗೊಂಡು ಹೋಗ್ಯಾರ ಅಂದ.”

ಅವ್ವ ನಂಬಿ, ಅಂಗಡಿಯಲ್ಲಿ ಸಿಗುವ ಬ್ರೇಕು ಹಾಕಿಸುತ್ತೇನೆ ಅಂದಳಂತೆ. ಅಪ್ಪ ಬಿಡಲಿಲ್ಲ. ಇಂಗ್ಲಿಷ್ ಸೈಕಲ್ಲಿಗೆ ಇಂಗ್ಲಿಷ್ ಬ್ರೇಕೇ ಆಗಬೇಕು, ಇಲ್ಲಿನದು ಹಾಕಿದರೆ ಅಂದ ಕೆಡುತ್ತದೆ, ಕಲ್ಕತ್ತಾಗೆ ಬರೆದಿದ್ದೇನೆ, ಬರುತ್ತದೆ. ಮೆತ್ತಗೆ, ನಗುತ್ತ ಹೇಳುತ್ತಿದ್ದರಂತೆ. ಅವ್ವ ಕಾದಳು. ಮಳೆಗಾಲ ಕಾದಳು, ಚಳಿಗಾಲ ಕಾದಳು. ರಾತ್ರಿ ಪಾಳಿಗೆ ನಡೆದು ಹೋಗಿ ನಡೆದು ಬಂದು ಸೋತು, ಕೆಲಸ ಬಿಡುವ ಕಾಗದ ಕೊಟ್ಟಳು.

ವಸು, ಹೊಡೆಯುವ ಗಂಡನ ಮೇಲೆ ಸಿಟ್ಟು ಬಂದರೆ ಅದಕ್ಕೊಂದು ದಾರಿ ಇರುತ್ತದೆ. ಈ ಮೆತ್ತಗಿನ ಮನುಷ್ಯನ ಮೇಲೆ ಬಂದ ಸಿಟ್ಟನ್ನು ಎಲ್ಲಿಗೆ ಒಯ್ಯಲಿ? ಇಡೀ ಗಲ್ಲಿಯೇ ಕೈಮುಗಿಯುತ್ತಿದ್ದ ಮನುಷ್ಯ. ಒಂದು ದಿನ ದನಿ ಏರಿಸಿದವರಲ್ಲ. ಬೇಡ ಅಂದಿದ್ದರೆ ಅವ್ವ ಜಗಳವಾಡುತ್ತಿದ್ದಳು, ಗೆಲ್ಲುತ್ತಿದ್ದಳೋ ಏನೋ. ಜಗಳಕ್ಕೂ ಜಾಗ ಕೊಡಲಿಲ್ಲ. ಸರಿಯಾದದ್ದೇ ಬರಲಿ ಅನ್ನುವ ಮಾತಿನಿಂದ ಒಬ್ಬ ಹೆಂಗಸಿನ ಕಾಲು ಕಟ್ಟಿದರು. ಅದೇ ಮಾತನ್ನು ನಾನೂ ಬದರಿಯ ಅಂಗಡಿಯಲ್ಲಿ ಎಷ್ಟು ಜೋರಾಗಿ ಆಡಿದೆ ಅಂತ ನೆನೆದು ಮೈ ಉರಿಯಿತು.

“ಸೈಕಲ್ ಬೇಕಾದರೆ ಅವ್ವನ ಹೆಸರು ಹಾಕಿ, ವೀರಮ್ಮನ ಸೈಕಲ್ ಅಂತ ಬರೆದು ಇಡು, ಯಾಕೆ ನಿಂತಿತು ಅಂತಾನೂ ಬರಿ” ಅಂದೆ.

“ಸತ್ತವರ ಹೆಸರು ಕೆಡಸಬ್ಯಾಡ ನೀಲಾ. ನಾಳಿ ಒಂದು ದಿನ.”

“ಬದುಕಿದ್ದಾಕಿ ಹೆಸರು?”

ಅವನು ತುಂಡುಗಳನ್ನು ಜಗಲಿಯ ಮೇಲಿಟ್ಟು ಎದ್ದ. ಟೆಂಪೋ ಖಾಲಿ ಹೋಯಿತು. ನಾನು ಸಮಾರಂಭಕ್ಕೆ ಹೋಗಲಿಲ್ಲ. ಅವ್ವ ಹೋದಳು. ಅವಳಿಗೆ ಶಾಲು ಹೊದಿಸಿ, ಇಂಥ ಸಾಧ್ವಿಯ ಸಹಕಾರದಿಂದಲೇ ಪಂಡಿತರು ಇಷ್ಟು ಸಾಧಿಸಿದರು ಅಂತ ಯಾರೋ ಭಾಷಣ ಮಾಡಿದರಂತೆ. ಮನೆಗೆ ಬಂದು ಶಾಲು ಮಡಚುತ್ತ ಅದನ್ನು ಹೇಳಿದಳು. ನನಗೆ ತಡೆಯಲಾಗಲಿಲ್ಲ, ಅಣ್ಣ ಹೇಳಿದ್ದನ್ನೆಲ್ಲ ಒದರಿಬಿಟ್ಟೆ. ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಅಂದುಕೊಂಡಿದ್ದೆ.

ಅವ್ವ ಶಾಲಿನ ಮಡಿಕೆ ನೀಟಾಗಿಸಿ, “ಗೊತ್ತೈತಿ” ಅಂದಳು. “ಹೊಸ್ತಿಲ ಕಡೆ ಕಬ್ಬಿಣದ ಪುಡಿ ಬಿದ್ದಿತ್ತು. ಗುಡಿಸಿದಾಕಿ ನಾನ.”

“ಗೊತ್ತಿದ್ದೂ ಕಾದಿ?”

“ಒಂದಿನ ನಾಚಿಕಿ ಬಂದು ತಾನ ಹೇಳ್ಯಾನು ಅಂತ ಕಾದೆ. ಬ್ರೇಕಿಗೆ ಅಲ್ಲ.”

ನಾನು ಸೈಕಲ್ಲಿನ ಮುಂದೆ ಬೋರ್ಡು ಹಾಕಿಸುವ ಮಾತೆತ್ತಿದೆ, ನಿನ್ನ ಹೆಸರು ಬರೆಸಿ ಅಪ್ಪನ ವಸ್ತುಗಳ ಜೊತೆಗೇ ಇಡಿಸುತ್ತೇನೆ ಅಂದೆ. ಬೇಡ ಅಂದಳು. “ಹೆಸರು ಬರದು ಮತ್ತ ನಿಲ್ಲಿಸಿಬಿಡ್ತಾರ. ನೀ ಓಡಸು.” ಅಷ್ಟು ಹೇಳಿ ಒಳಗೆ ಹೋಗಿ ರೊಟ್ಟಿ ಹಿಟ್ಟು ಕಲಸಿದಳು.

ಓಡಿಸುತ್ತಿದ್ದೇನೆ. ಇಲ್ಲಿನ ಲಂಕಾ ಪೇಟೆಯ ಗದ್ದಲದಲ್ಲಿ, ಇ-ರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು ದಿನಾ ವಿಶ್ವವಿದ್ಯಾಲಯಕ್ಕೆ ಇದರ ಮೇಲೇ ಹೋಗುತ್ತೇನೆ. ನನ್ನ ಬಾಟನಿ ಡಿಪಾರ್ಟ್‌ಮೆಂಟಿನ ಮಕ್ಕಳು ಫೋಟೋ ತೆಗೆಯುತ್ತಾರೆ. ಅಣ್ಣ ಅಂದಿನಿಂದ ಮನೆ ಕಡೆ ಬಂದಿಲ್ಲ. ಬಂದರೆ ಅವ್ವ ಊಟಕ್ಕೆ ಹಾಕುತ್ತಾಳೆ. ನಾನು ಹಾಕುವುದಿಲ್ಲ.

ವಚನಾಳಿಗೆ ನೌಕರಿ ಖಾಯಂ ಆಯಿತು ಅಂತ ನೀನು ಬರೆದಿದ್ದೆ. ಕೂಸಿಗೆ ನನ್ನ ಆಶೀರ್ವಾದ, ಅವ್ವನದೂ. ಬೇಕೆನಿಸಿದಲ್ಲಿಗೆ ಬೇಕೆನಿಸಿದ ಹೊತ್ತಿಗೆ ಅವಳು ಹೋಗಿ ಬರುವ ಹಾಗಾಗಲಿ. ನಿಮ್ಮ ಮನೆಯವರಿಗೆ ನಮಸ್ಕಾರ ಹೇಳು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಟ್ಟುಕೋ.

ನಿನ್ನ,
ನೀಲಾ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಮನೆಗೆ ಯಾರು ಬಂದರೂ ಅಪ್ಪ ನನ್ನ ತಲೆ ಸವರಿ, “ಈ ಕೂಸಿಗಾಗಿ ಇವರವ್ವ ಇದ್ದ ನೌಕರಿ ಬಿಟ್ಟಳು” ಅನ್ನುತ್ತಿದ್ದರು. ಅದನ್ನು ಕೇಳುತ್ತಲೇ ಬೆಳೆದೆ. ನಮ್ಮಿಬ್ಬರ ಓದು ಮುಗಿದ ಮೇಲೆ ನೀನು ಧಾರವಾಡದಲ್ಲೇ ಕೆಲಸ ನೋಡಿ ಕರೆದಾಗ ನಾನು ಬರಲಿಲ್ಲವಲ್ಲ, ಮದುವೆಯ ಮಾತು ಬಂದಾಗಲೂ ಒಲ್ಲೆ ಅಂದೆನಲ್ಲ, ನೀನು ಕಾರಣ ಕೇಳಿ ಕೇಳಿ ಸೋತೆ. ಇದೇ ಕಾರಣ. ನನಗಾಗಿ ಎಲ್ಲ ಬಿಟ್ಟವಳನ್ನು ಹೇಗೆ ಬಿಟ್ಟು ಬರಲಿ ಅಂತ. ಅಣ್ಣ ಐದನೇತ್ತ ಇದ್ದದ್ದು ಎಪ್ಪತ್ತೆರಡರಲ್ಲಿ. ನಾನು ಹುಟ್ಟಿದ್ದು ಎಪ್ಪತ್ನಾಲ್ಕರ ಕೊನೆಗೆ. ಆ ಚಳಿಗಾಲ ಕಳೆದು ಅವ್ವ ಕೆಲಸ ಬಿಟ್ಟಾಗ ನಾನು ಅವಳ ಹೊಟ್ಟೆಯಲ್ಲೂ ಇರಲಿಲ್ಲ. ಅಪ್ಪ ಆ ಮಾತು ಹೇಳುವಾಗಲೆಲ್ಲ ಅವ್ವ ಪಕ್ಕದಲ್ಲೇ ಕೂತಿರುತ್ತಿದ್ದಳು ವಸು, ಒಮ್ಮೆಯೂ ಅಲ್ಲ ಅನ್ನಲಿಲ್ಲ. ಯಾಕೆ ಅಂತ ಕೇಳಲು ದಿನಾ ಅವಳ ಎದುರು ಹೋಗಿ ನಿಲ್ಲುತ್ತೇನೆ. ಚಹಾ ಬೇಕೇನು ಅನ್ನುತ್ತಾಳೆ. ಹ್ಞೂಂ ಅಂದು ಕುಡಿದು ಬರುತ್ತೇನೆ.