ಮರಿಯ ತಾಯಿ ಎಲ್ಲಿ?

ದೂಝ್
ನವೆಂಬರ್ ೧೮, ಸೋಮವಾರ

ದೊರ್ಸಾಫಳ ಅಪ್ಪನಿಗೆ ಮಬ್ರೂಕಾಳ ಸಲಾಮು.

ಹೇಗಿದ್ದೀರಿ? ಬೇಕರಿಯ ಒಲೆಯ ಮುಂದೆ ನಿಂತು ನಿಂತು ಕಾಲು ಊದಿಕೊಳ್ಳುತ್ತದೆ ಎಂದಿದ್ದಿರಿ. ಈಗ ಕಡಿಮೆಯಾಗಿದೆಯೇ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಳ್ಳಿ. ದಿಂಬಿಲ್ಲದಿದ್ದರೆ ಹಿಟ್ಟಿನ ಖಾಲಿ ಚೀಲ ಮಡಿಸಿಟ್ಟುಕೊಂಡರೂ ಆಗುತ್ತದೆ. ಝುವಾರಾದಲ್ಲಿ ಸಮುದ್ರದ ಗಾಳಿ, ಎದೆಗೆ ಉಣ್ಣೆಯದು ಏನಾದರೂ ಹಾಕಿಕೊಂಡೇ ಹೊರಗೆ ಹೋಗಿ. ಇಲ್ಲಿ ಎಲ್ಲರೂ ಇದ್ದೇವೆ. ಚಳಿ ಬಿದ್ದ ಮೇಲೆ ಅತ್ತೆಗೆ ಮಂಡಿನೋವು ಹೆಚ್ಚಾಗಿದೆ, ಆದರೂ ತಬೂನಾ ಒಲೆಯ ಮುಂದಿನಿಂದ ಏಳುವುದಿಲ್ಲ. ನಾನು ಬಡಿದ ರೊಟ್ಟಿ ಅವರಿಗೆ ದಪ್ಪವಂತೆ. ಖರ್ಜೂರದ ಕೊಯ್ಲು ಮುಗಿಯುತ್ತಾ ಬಂತು, ನಿಮ್ಮ ತಮ್ಮ ನಿಂತು ಕೊಯ್ಯಿಸಿದರು. ಈ ಸಲ ಹಣ್ಣು ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ತಿಂದೆ. ಚೆನ್ನಾಗಿಯೇ ಇರಬೇಕು.

ಫೋನ್ ಇರುವಾಗ ಪತ್ರ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ನೀವು ‘ಏನಾದ್ರೂ ಗೊತ್ತಾಯ್ತಾ’ ಅನ್ನುತ್ತೀರಿ, ನಾನು ‘ಇಲ್ಲ, ನಿಮಗೆ?’ ಅನ್ನುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿದುಹೋಗುತ್ತದೆ. ಆಮೇಲೆ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಳ್ಳುತ್ತಾ ಇರುತ್ತೇವೆ, ಲೈನ್ ಕಡಿಯುತ್ತದೆ. ಅದರ ನಡುವೆ ಮನೆಗೆ ನಾಯಿಮರಿ ಬಂದ ಸುದ್ದಿ ಹೇಗೆ ಹೇಳಲಿ? ಲಾರಿಯ ಮುಖ್ತಾರ್ ನಾಳೆ ಬೆಳಗ್ಗೆ ಗಡಿ ದಾಟುತ್ತಾನಂತೆ. ಅವನ ಕೈಲಿ ಇದನ್ನೂ ಒಂದಿಷ್ಟು ಖರ್ಜೂರವನ್ನೂ ಕಳಿಸುತ್ತೇನೆ.

ಹೌದು, ಮನೆಗೆ ಒಂದು ಸ್ಲೂಗಿ ಮರಿ ಬಂದಿದೆ. ಸಿಟ್ಟಾಗಬೇಡಿ, ಪೂರ್ತಿ ಓದಿ.

ಜೂನ್‌ನಲ್ಲಿ ವಜ್ದಿ ನಮಗೆ ಹೇಳದೆ ಜರ್ಜೀಸಿನ ದಡದಿಂದ ಆ ದೋಣಿ ಹತ್ತಿದ ದಿನದಿಂದ ದೊರ್ಸಾಫ್ ಮಾತು ಕಡಿಮೆ ಮಾಡಿದ್ದು ನಿಮಗೆ ಗೊತ್ತು. ದೋಣಿಯನ್ನು ಲಿಬಿಯಾದ ಕಡೆಗೆ ತಿರುಗಿಸಿ, ಹುಡುಗರನ್ನು ಅಲ್ಲೆಲ್ಲೋ ಕೂಡಿಹಾಕಿದ್ದಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ನೀವು ಅವಳ ಅಣ್ಣನನ್ನು ಹುಡುಕಿಕೊಂಡು ಝುವಾರಾವರೆಗೆ ಹೋದ ಮೇಲೆ ಅವಳು ಉಳಿದ ಮಾತನ್ನೂ ಬಿಟ್ಟಳು. ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ, ತಟ್ಟೆಯಲ್ಲಿ ಹಾಕಿದ್ದನ್ನು ತಿನ್ನುತ್ತಾಳೆ. ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ. ಟೀಚರಮ್ಮ ಒಮ್ಮೆ ಮನೆಯವರೆಗೂ ಬಂದು ಹೋದರು. ನಾನು ಅವರಿಗೆ ಚಹಾ ಕೊಟ್ಟೆ, ಹೂಂ ಹೂಂ ಎಂದೆ. ನಿಜ ಹೇಳಬೇಕೆಂದರೆ ಅವಳು ಸುಮ್ಮನಿದ್ದದ್ದು ನನಗೆ ಅನುಕೂಲವೇ ಆಗಿತ್ತು. ಮಾತಾಡಿದರೆ ಉತ್ತರ ಕೊಡಬೇಕಲ್ಲ.

ಅಕ್ಟೋಬರ್ ಮೊದಲಲ್ಲಿ ಒಂದು ದಿನ ಬಟಾಣಿ ಸುಲಿಯುತ್ತಾ ಕೂತಿದ್ದಾಗ ಅವಳು ತಾನಾಗಿ ಬಂದು ‘ಅಮ್ಮಾ, ನಂಗೊಂದು ಸ್ಲೂಗಿ ಮರಿ ಬೇಕು’ ಅಂದಳು. ಅತ್ತೆ ರೊಟ್ಟಿ ಬಿಟ್ಟು ಎದ್ದು ಬಂದರು, ಮಂಡಿನೋವನ್ನೂ ಮರೆತು. ಮನೆಯೊಳಗೆ ನಾಯಿ ಅಂದರೆ ಅವರು ಏನನ್ನುತ್ತಾರೋ ಎಂದು ನಾನು ಅಂದುಕೊಂಡೆ. ಅವರು ‘ಸ್ಲೂಗಿ ನಾಯಿ ಅಲ್ವಲ್ಲ, ಸ್ಲೂಗಿ ಸ್ಲೂಗೀನೇ. ನಮ್ಮಪ್ಪ ಬೇಟೆಗೆ ಕರ್ಕೊಂಡ್ಹೋಗಿ ಬಂದು, ತನ್ನ ಹಾಸಿಗೆ ಮೇಲೇ ಮಲಗಿಸ್ಕೊಳ್ತಿದ್ದ. ಮಗು ಬಾಯಿ ಬಿಟ್ಟು ಕೇಳಿದೆ, ತಂದುಕೊಡು’ ಎಂದರು. ಆ ಗುರುವಾರವೇ ಅವಳನ್ನು ಕರೆದುಕೊಂಡು ಸಂತೆಗೆ ಹೋದೆ.

ಕುರಿಗಳ ಸಾಲಿನ ಆಚೆ ಒಬ್ಬ ಬಿಳಿ ವ್ಯಾನಿನ ಹಿಂಬಾಗಿಲು ತೆರೆದಿಟ್ಟು ನಿಂತಿದ್ದ. ಟೊಮೇಟೊ ಕ್ರೇಟಿನಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಬಾಯಿ ತುಂಬಾ ಮಾತಾಡುವ ಮನುಷ್ಯ. ಮರಿಗಳ ಅಪ್ಪನ ಮನೆತನ ಇಂಥದ್ದು, ಅಜ್ಜ ಮೊಲ ಹಿಡಿದದ್ದು ಇಷ್ಟು ಎಂದೆಲ್ಲ ಹೇಳಿದ. ತಾಯಿ ತೋಟದಲ್ಲಿದ್ದಾಳೆ ಎಂದ. ಯಾವ ತೋಟ ಎಂದು ನಾನು ಕೇಳಲಿಲ್ಲ. ಬಿಸಿಲಿತ್ತು, ಬೇಗ ಮುಗಿಸಿ ಮನೆಗೆ ಹೋಗಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ದೊರ್ಸಾಫ್ ಒಂದನ್ನು ಎತ್ತಿಕೊಂಡಳು. ಅದು ಅವಳ ಕುತ್ತಿಗೆಗೆ ಮೂತಿ ಒತ್ತಿಕೊಂಡು ಕಣ್ಣು ಮುಚ್ಚಿತು. ಪ್ರೀತಿ ಎಂದುಕೊಂಡೆವು. ಆ ಮರಿಗೆ ಕಣ್ಣು ತೆರೆದಿಡಲು ತ್ರಾಣವೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಅವಳು ಅದಕ್ಕೆ ಮಿಶ್ಮಾಶ್ ಎಂದು ಹೆಸರಿಟ್ಟಳು. ಹೆಸರಿಗೆ ತಕ್ಕಂತೆ ಬಣ್ಣವೂ ಮಾಗಿದ ಜರ್ದಾಳು ಹಣ್ಣಿನ ಹಾಗೇ ಇತ್ತು. ಮೇಕೆ ಹಾಲು ಕುಡಿಸಿದರೆ ಕಕ್ಕಿತು. ಮರುದಿನ ಭೇದಿ, ಅದರಲ್ಲಿ ರಕ್ತ. ಪ್ರಾಣಿ ವೈದ್ಯೆ ಡಾಕ್ಟರ್ ಇನ್ಸಾಫ್ ಅವರ ಹತ್ತಿರ ಎತ್ತಿಕೊಂಡು ಹೋದೆವು. ಅವರು ಮೊದಲು ಕೇಳಿದ್ದು ‘ಇದರ ತಾಯೀನ ನೋಡಿದ್ರಾ?’ ಎಂದು. ನಾನು ಇಲ್ಲ ಎಂದೆ. ಅವರು ಬೈಯಲಿಲ್ಲ, ಸೂಜಿಮದ್ದು ಕೊಟ್ಟರು, ಸಲೈನ್ ಹಾಕಿದರು. ವ್ಯಾನಿನವನು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಮಿಶ್ಮಾಶ್ ದೊರ್ಸಾಫಳ ಮಡಿಲಲ್ಲೇ ಸತ್ತಿತು, ಮಧ್ಯಾಹ್ನದ ಹೊತ್ತು, ಅವಳು ಶಾಲೆಯಿಂದ ಬಂದು ಬ್ಯಾಗನ್ನೂ ಇಳಿಸಿರಲಿಲ್ಲ.

ಅಂಜೂರದ ಮರದ ಬುಡದಲ್ಲಿ ಗುಂಡಿ ತೋಡಿದೆ. ಹಳೆಯ ಶಾಲಿನಲ್ಲಿ ಸುತ್ತಿ ಇಟ್ಟು ಮಣ್ಣು ಎಳೆದೆ. ಮಗು ಬಿಕ್ಕುತ್ತಿತ್ತು, ಅತ್ತೆ ಅಳುತ್ತಿದ್ದರು. ನನಗೆ ಏನೂ ಆಗಲಿಲ್ಲ. ಮಣ್ಣು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಕಾಲಿನಿಂದ ಒತ್ತಿ ನೋಡಿದೆ, ಕೈ ತೊಳೆದೆ, ಸಾರಿಗೆ ಉಪ್ಪು ಹಾಕಿದೆ. ಇಷ್ಟೊಂದು ಸುಲಭವಾಗಿ ಮುಗಿಯುತ್ತದಲ್ಲ ಎನ್ನಿಸಿತು, ಅಷ್ಟೇ. ಯಾರು ಸತ್ತರು, ಎಲ್ಲಿದ್ದಾರೆ ಎಲ್ಲ ಗೊತ್ತು. ಮಣ್ಣು ಹಾಕಿದ್ದೂ ನಾವೇ.

ಅವಳು ಮತ್ತೆ ಮಾತು ಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ಎರಡು ದಿನ ಕಳೆದ ಮೇಲೆ ಡಾಕ್ಟರ್ ಹತ್ತಿರ ಹೋಗೋಣ ಎಂದು ಕೈ ಹಿಡಿದು ಎಳೆದಳು. ಅಲ್ಲಿ ನಿಂತು, ನಿಮ್ಮ ಮಗಳು, ದೊಡ್ಡವರ ಹಾಗೆ ಕೇಳಿದಳು, ಸಾಯದ ಮರಿ ಎಲ್ಲಿ ಸಿಗುತ್ತದೆ ಎಂದು. ಡಾಕ್ಟರ್ ಅವಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ವಿವರಿಸಿದರು. ಸಾಯದ್ದು ಯಾರ ಹತ್ತಿರವೂ ಇಲ್ಲ. ಆದರೆ ಆ ವ್ಯಾನಿನವನಂಥವರು ಹೆಣ್ಣುನಾಯಿಗಳನ್ನು ಶೆಡ್ಡಿನಲ್ಲಿ ಕಟ್ಟಿಹಾಕಿ, ಬೆದೆ ಬಂದಾಗಲೆಲ್ಲ ಮರಿ ಹಾಕಿಸಿ, ಹಾಲು ಬಿಡುವ ಮೊದಲೇ ಕಿತ್ತು ತಂದು ಮಾರುತ್ತಾರೆ. ಸರಿಯಾಗಿ ಸಾಕುವವರು ಸಂತೆಗೆ ಬರುವುದಿಲ್ಲ, ನಾವೇ ಅವರ ಮನೆಗೆ ಹೋಗಬೇಕು. ಮರಿ ಹುಟ್ಟಿದ ಜಾಗ ನೋಡಬೇಕು, ತಾಯಿ ಮರಿಗಳ ಜೊತೆ ಇರುವುದನ್ನು ನೋಡಬೇಕು, ಎರಡು ತಿಂಗಳು ತುಂಬದ್ದನ್ನು ಕೊಡುತ್ತೇನೆ ಎಂದರೆ ಎದ್ದು ಬರಬೇಕು. ‘ನೀನು ಕೇಳೋದಕ್ಕಿಂತ ಜಾಸ್ತಿ ಪ್ರಶ್ನೆ ಅವರೇ ಕೇಳಿದ್ರೆ, ಅಂಥವರ ಹತ್ರ ತಗೋ’ ಎಂದರು. ದೊರ್ಸಾಫ್ ಇದನ್ನೆಲ್ಲ ಮಗ್ಗಿ ಕಲಿತ ಹಾಗೆ ಕಲಿತಳು.

ಮೊದಲು ಕೆಬಿಲಿಯಲ್ಲಿ ಒಂದು ದೊಡ್ಡ ಮನೆಗೆ ಹೋದೆವು. ಗೋಡೆಯ ಮೇಲೆ ನಾಯಿಗಳ ಓಟದಲ್ಲಿ ಗೆದ್ದ ಪದಕಗಳು, ನೆಲಕ್ಕೆ ಅಮೃತಶಿಲೆ. ಯಜಮಾನರು ಬಾದಾಮಿ ಶರಬತ್ತು ಕೊಟ್ಟು, ಸ್ನಾನ ಮಾಡಿಸಿದ ಒಂದು ಮರಿಯನ್ನು ಬುಟ್ಟಿಯಲ್ಲಿ ತರಿಸಿದರು. ನನಗೆ ಸಾಕಾಗಿತ್ತು, ಇದೇ ಆಗಲಿ ಎಂದುಕೊಂಡು ಪರ್ಸಿಗೆ ಕೈ ಹಾಕಿದ್ದೆ. ದೊರ್ಸಾಫ್ ಶರಬತ್ತಿನ ಲೋಟ ಕೆಳಗಿಟ್ಟು ‘ಮರಿಯ ತಾಯಿ ಎಲ್ಲಿ?’ ಎಂದಳು. ತಾಯಿಗೆ ಕೋಪ ಜಾಸ್ತಿ, ಹೊಸಬರನ್ನು ಕಂಡರೆ ಆಗುವುದಿಲ್ಲ ಎಂದರು ಅವರು. ದೂರದಿಂದ ನೋಡುತ್ತೇನೆ ಎಂದಳು. ಇವತ್ತು ಆಗುವುದಿಲ್ಲ ಎಂದರು. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ನಾನು ಏನೋ ಕ್ಷಮೆ ಕೇಳಿ ಅವಳ ಹಿಂದೆ ಬಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ನಿಮ್ಮ ಮಗಳು ತುಂಬಾ ಮಾತಾಡ್ತಾಳಲ್ಲ ಎಂದಾಗಲೇ ನನಗೆ ಹೊಳೆದದ್ದು, ಅವಳು ದಾರಿಯುದ್ದಕ್ಕೂ ಮಾತಾಡುತ್ತಿದ್ದಾಳೆ ಎಂದು.

ಆಮೇಲೆ ಡಾಕ್ಟರೇ ನುವೈಲ್ ಹತ್ತಿರದ ತುರ್ಕಿಯಾ ಅವರ ಹೆಸರು ಹೇಳಿದರು. ವಿಧವೆ, ಹಿಂದೆ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಈಗ ಗಂಡನ ಖರ್ಜೂರದ ತೋಟ ನೋಡಿಕೊಳ್ಳುತ್ತಾರೆ. ಅವರ ಸ್ಲೂಗಿ ಝರ್ಗಾ, ಹೊಗೆ ಬಣ್ಣದ ಹೆಣ್ಣುನಾಯಿ, ಸೆಪ್ಟೆಂಬರಿನಲ್ಲಿ ಮರಿ ಹಾಕಿತ್ತು. ನಾವು ಹೋದಾಗ ಅದು ಅಂಗಳದ ಚಾಪೆಯ ಮೇಲೆ ಮಲಗಿತ್ತು, ಮರಿಗಳು ಮೇಲೆಲ್ಲ ಹತ್ತಿ ಇಳಿಯುತ್ತಿದ್ದವು. ನಮ್ಮನ್ನು ನೋಡಿ ಎದ್ದು ಬಂದು ದೊರ್ಸಾಫಳ ಕೈ ಮೂಸಿ, ನನ್ನ ಕೈ ಮೂಸಿ, ವಾಪಸ್ಸು ಹೋಗಿ ಮಲಗಿತು. ತುರ್ಕಿಯಾ ಮರಿಯ ಮಾತೇ ಎತ್ತಲಿಲ್ಲ. ಮನೆಯಲ್ಲಿ ಯಾರು ಯಾರಿದ್ದೀರಿ, ಮಧ್ಯಾಹ್ನ ಯಾರಿರುತ್ತಾರೆ, ಕಾಂಪೌಂಡ್ ಎಷ್ಟೆತ್ತರ, ನಾಯಿಯನ್ನು ದಿನಾ ಓಡಿಸಿ ತರುವವರು ಯಾರು, ಮೊದಲು ನಾಯಿ ಸಾಕಿದ್ದಿರಾ, ಅದೇನಾಯಿತು. ಜೂನಿನಲ್ಲಿ ಪೊಲೀಸರೂ ಇಷ್ಟು ಕೇಳಿರಲಿಲ್ಲ. ಒಂದನ್ನು ಸಂತೆಯಲ್ಲಿ ತಂದೆವು, ಸತ್ತಿತು ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ‘ಸತ್ತಿತು ಅಂತ ಯಾರ ಮನೆ ವಿಷಯವೋ ಹೇಳೋ ಹಾಗೆ ಹೇಳ್ತೀಯಲ್ಲಮ್ಮ’ ಎಂದರು. ಇವತ್ತು ಕೊಡುವುದಿಲ್ಲ, ಮುಂದಿನ ಶುಕ್ರವಾರ ಬನ್ನಿ, ಮಗು ಮರಿಗಳ ಜೊತೆ ಕೂತು ಹೋಗಲಿ ಎಂದರು.

ಹಾಗೆ ಪ್ರತಿ ಶುಕ್ರವಾರ ಹೋಗಲು ಶುರುವಾಯಿತು. ದೊರ್ಸಾಫ್ ಅಂಗಳ ಗುಡಿಸುತ್ತಿದ್ದಳು, ಮರಿಗಳ ತಟ್ಟೆ ತೊಳೆಯುತ್ತಿದ್ದಳು, ಅವುಗಳ ಜೊತೆ ಎಂಥದ್ದೋ ಮಾತು. ನಾನು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದೆ. ತುರ್ಕಿಯಾ ನನ್ನನ್ನು ಮಾತಿಗೆ ಎಳೆಯುತ್ತಿರಲಿಲ್ಲ. ಒಂದು ದಿನ ದೊರ್ಸಾಫ್ ಓಡಿ ಬಂದು ‘ಅಮ್ಮಾ, ವಜ್ದಿಯಣ್ಣ ಬಂದ್ಮೇಲೆ ಇದನ್ನ ಮರಳು ದಿಬ್ಬದ ಮೇಲೆ ಓಡಿಸ್ತಾನಲ್ವಾ’ ಎಂದಳು. ಜೂನಿನಿಂದ ಈಚೆಗೆ ನಮ್ಮ ಮನೆಯಲ್ಲಿ ಯಾರೂ ಆ ಹೆಸರನ್ನು ಹಗಲು ಹೊತ್ತಿನಲ್ಲಿ ಹಾಗೆ ಸಲೀಸಾಗಿ ಹೇಳಿರಲಿಲ್ಲ. ನಾನು ಹೂಂ ಎಂದೆ. ತುರ್ಕಿಯಾ ಕೇಳಿಸಿಕೊಂಡರು, ಯಾರು ಎಂದು ಕೇಳಲಿಲ್ಲ. ಈ ಸೀಮೆಯಲ್ಲಿ ಯಾರ ಮನೆಯ ಹುಡುಗ ದೋಣಿ ಹತ್ತಿದ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಮೊನ್ನೆ ಶುಕ್ರವಾರ ಮರಿಗಳಿಗೆ ಎರಡು ತಿಂಗಳು ತುಂಬಿತ್ತು, ಚುಚ್ಚುಮದ್ದೂ ಆಗಿತ್ತು. ತುರ್ಕಿಯಾ ಮರಳು ಬಣ್ಣದ ಒಂದು ಗಂಡುಮರಿಯನ್ನು ಎತ್ತಿ ದೊರ್ಸಾಫಳ ತೋಳಿಗೆ ಕೊಟ್ಟರು. ಬೆಲೆಯ ಮಾತು ಒಂದೇ ಉಸಿರಿನಲ್ಲಿ ಮುಗಿಯಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಒಂದು ಷರತ್ತಿದೆ ಎಂದರು. ಸಾಕಲು ಆಗದಿದ್ದರೆ ಮಾರಬಾರದು, ಯಾರಿಗೂ ಕೊಡಬಾರದು, ತಂದು ತಮ್ಮ ಅಂಗಳದಲ್ಲೇ ಬಿಡಬೇಕು. ಆಮೇಲೆ ಹೇಳಿದರು, ‘ಈ ಅಂಗಳದಿಂದ ಹೋದದ್ದು ಎಲ್ಲಿದೆ ಅಂತ ನಂಗೆ ಗೊತ್ತಿರಬೇಕು ಕಣಮ್ಮ. ಬದುಕಿದ್ರೂ ತಿಳಿಸು, ಸತ್ರೂ ತಿಳಿಸು. ಗೊತ್ತಿಲ್ಲ ಅನ್ನೋದೊಂದು ಆಗಬಾರದು.’

ಕೈಯಲ್ಲಿ ಚಹಾದ ಲೋಟವಿತ್ತು. ಅದು ಸುಡುತ್ತಿತ್ತು, ಕೆಳಗಿಡಬೇಕು ಅನ್ನಿಸಲಿಲ್ಲ. ತುರ್ಕಿಯಾನೇ ಬಿಡಿಸಿ ತೆಗೆದಿಟ್ಟರು. ಮರಿ ಹೋದ ಮೇಲೆ ಝರ್ಗಾ ಏನು ಮಾಡುತ್ತದೆ ಎಂದು ಕೇಳಿದೆ, ಬೇರೆ ಏನು ಕೇಳಬೇಕೋ ತಿಳಿಯದೆ. ‘ಸ್ವಲ್ಪ ದಿನ ಮೂಲೆ ಮೂಲೆ ಮೂಸಿ ಹುಡುಕ್ತಾಳೆ. ಆಮೇಲೆ ತಟ್ಟೆಗೆ ಬಾಯಿ ಹಾಕ್ತಾಳೆ’ ಎಂದರು. ಅದಕ್ಕೆ ನಾನು, ನಾನೂ ತಿನ್ನುತ್ತಿದ್ದೇನೆ ಎಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಭಾರವಾದ ಕೈ. ಬಸ್ಸು ಬರುವವರೆಗೆ ತೆಗೆಯಲಿಲ್ಲ.

ಮರಿ ಚೆನ್ನಾಗಿದೆ. ಮೊದಲ ದಿನ ಕುಂಯ್‌ಗುಟ್ಟಿತು. ತುರ್ಕಿಯಾ ಝರ್ಗಾ ಮಲಗುತ್ತಿದ್ದ ಚಾಪೆಯ ಒಂದು ತುಂಡು ಕತ್ತರಿಸಿ ಕೊಟ್ಟಿದ್ದರು, ಅದರ ಮೇಲೆ ಹಾಕಿದ ಮೇಲೆ ಮಲಗಿತು. ಈಗ ಅತ್ತೆಯ ಸೆರಗು ಹಿಡಿದು ಎಳೆಯುತ್ತದೆ, ಅವರು ‘ಹೋಗೋ ಕಳ್ಳ’ ಎಂದು ಬೈದು ಬಿಸಿ ರೊಟ್ಟಿಯ ಚೂರು ಕೊಡುತ್ತಾರೆ. ಕೊಡಬೇಡಿ ಎಂದು ದೊರ್ಸಾಫ್ ಅಜ್ಜಿಯ ಜೊತೆ ಜಗಳ. ಮನೆಯಲ್ಲಿ ಸದ್ದಿದೆ. ನಾನು ಅಡುಗೆಮನೆಯಲ್ಲಿ ಕೂತು ಕೇಳುತ್ತೇನೆ. ಮರಿಗೆ ಇನ್ನೂ ಹೆಸರಿಟ್ಟಿಲ್ಲ, ಅಪ್ಪ ಇಡಲಿ ಎನ್ನುತ್ತಾಳೆ. ಯೋಚಿಸಿಡಿ.

ಅತ್ತೆ ನಿಮಗೆ ದುವಾ ಹೇಳಿದ್ದಾರೆ, ಹೊಟ್ಟೆ ತುಂಬಾ ತಿನ್ನಬೇಕಂತೆ. ದೊರ್ಸಾಫ್ ಮರಿಯ ಪಾದಕ್ಕೆ ಮಸಿ ಹಚ್ಚಿ ಈ ಹಾಳೆಯ ಹಿಂದೆ ಒತ್ತಿದ್ದಾಳೆ, ನೋಡಿ. ಮೇಲಿರುವವನು ನಿಮ್ಮ ಕಾಲಿಗೆ ಬಲ ಕೊಡಲಿ, ದಾರಿಯಲ್ಲಿ ಒಳ್ಳೆಯವರನ್ನೇ ಎದುರಿಗೆ ತರಲಿ.

ಇಂತಿ ನಿಮ್ಮ
ಮಬ್ರೂಕಾ

ಮತ್ತೊಂದು ಮಾತು: ಮುಖ್ತಾರ್ ಬಂದು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಬರೆಯಲು ಧೈರ್ಯ ಬರಲಿಲ್ಲ. ಶನಿವಾರ ನಾನೊಬ್ಬಳೇ ಜರ್ಜೀಸಿಗೆ ಹೋಗಿದ್ದೆ. ಅಲೆ ದಡಕ್ಕೆ ತಂದವರನ್ನು ಹೆಸರಿಲ್ಲದೆ ಹೂಳಿದ್ದಾರಲ್ಲ, ಅವರ ಜೊತೆ ಹೋಲಿಸಿ ನೋಡಲು ತಾಯಿಯ ರಕ್ತ ಬೇಕು ಎಂದು ಬೇಸಿಗೆಯಲ್ಲಿ, ಕಾಣೆಯಾದವರ ಪಟ್ಟಿ ಮಾಡುವ ಆ ಹೆಣ್ಣುಮಗಳು ಬಂದಾಗ ನಾವಿಬ್ಬರೂ ಅವಳನ್ನು ಒಳಗೂ ಕರೆಯದೆ ಕಳಿಸಿದ್ದೆವು. ಈಗ ರಕ್ತ ಕೊಟ್ಟು ಬಂದೆ. ನಿಮ್ಮನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ. ಅತ್ತೆಗೆ ಹೇಳಿಲ್ಲ. ಉತ್ತರ ಬರಲು ಕೆಲವು ತಿಂಗಳು ಬೇಕಂತೆ. ಸೂಜಿ ಚುಚ್ಚಿದಾಗ ನೋವಾಯಿತು, ತುಂಬಾ ನೋವಾಯಿತು, ಬೆಂಚಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಉತ್ತರ ಬರುವ ಹೊತ್ತಿಗೆ ನೀವು ಮನೆಯಲ್ಲಿರಿ.